ಬೋಧನಾ ತತ್ವವನ್ನು ತರಗತಿಯಿಂದಲೇ ಬರೆದುಕೊಳ್ಳುವುದು ಹೇಗೆ

ಬೆಂಗಳೂರಿನ ಹಲವು ಖಾಸಗಿ ಶಾಲೆಗಳು ಶಿಕ್ಷಕ ಹುದ್ದೆಗೆ ಅರ್ಜಿ ಹಾಕುವವರಿಂದ ಅಂಕಪಟ್ಟಿ, ಅನುಭವ ಪತ್ರಗಳ ಜೊತೆಗೆ ಒಂದು ಪುಟದ ‘ಟೀಚಿಂಗ್ ಫಿಲಾಸಫಿ’ಯನ್ನೂ ಕೇಳುತ್ತವೆ. ಬಿ.ಇಡಿ. ವಿದ್ಯಾರ್ಥಿಗಳು ಇಂಟರ್ನ್‌ಷಿಪ್ ಮುಗಿಸಿದ ಮೇಲೆ ಕಡತಕ್ಕೆ ಸೇರಿಸುವ ಚಿಂತನಾ ಬರಹವೂ ಹೆಚ್ಚುಕಡಿಮೆ ಇದೇ ಬಗೆಯದು. ಇಂಥ ಪುಟಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಬಹುಪಾಲು ಒಂದೇ ಅಚ್ಚಿನಿಂದ ಬಂದಂತಿರುತ್ತವೆ: ಪ್ರತಿಯೊಂದು ಮಗುವೂ ವಿಶಿಷ್ಟ, ಶಿಕ್ಷಕರು ಕೇವಲ ಸುಗಮಕಾರರು, ಕಲಿಕೆ ಶಿಶುಕೇಂದ್ರಿತವಾಗಿರಬೇಕು, ಶಿಕ್ಷಣದ ಗುರಿ ಸರ್ವಾಂಗೀಣ ವಿಕಾಸ. ಈ ವಾಕ್ಯಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಮಕ್ಕಳೆಲ್ಲ ಒಂದೇ ಥರ ಎಂದೋ, ವಿಕಾಸ ಒಂದು ಅಂಗಕ್ಕೆ ಸಾಕು ಎಂದೋ ವಾದಿಸುವ ಶಿಕ್ಷಕರು ಎಲ್ಲೂ ಸಿಗುವುದಿಲ್ಲವಾದ್ದರಿಂದ, ಇವುಗಳನ್ನು ಬರೆದವರ ಬಗ್ಗೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ಹಾಗಾಗಿ ಮೊದಲ ಪರೀಕ್ಷೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನೀವು ಬರೆದ ಪ್ರತಿ ವಾಕ್ಯದ ಎದುರು ‘ಇದಕ್ಕೆ ವಿರುದ್ಧವಾದ ಮಾತನ್ನು ಪ್ರಾಮಾಣಿಕರಾದ ಇನ್ನೊಬ್ಬ ಶಿಕ್ಷಕರು ಆಡಬಲ್ಲರೇ?’ ಎಂದು ಕೇಳಿಕೊಳ್ಳಿ. ‘ಐದನೇ ತರಗತಿ ಮುಗಿಯುವುದರೊಳಗೆ ಮಗ್ಗಿ ಬಾಯಿಗೆ ಬರಲೇಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ; ಭಿನ್ನರಾಶಿಯಂಥ ಹೊಸ ವಿಷಯಕ್ಕೆ ಬೇಕಾದ ಗಮನವನ್ನು ಸಣ್ಣ ಗುಣಾಕಾರಗಳು ತಿಂದುಹಾಕಬಾರದು’ ಎಂಬ ವಾಕ್ಯವನ್ನು ಒಪ್ಪದವರು ಬೇಕಾದಷ್ಟಿದ್ದಾರೆ. ಅದನ್ನು ಬರೆದವರು ಒಂದು ಕಡೆ ನಿಂತಿದ್ದಾರೆ, ಕಾರಣವನ್ನೂ ಕೊಟ್ಟಿದ್ದಾರೆ. ಬೋಧನಾ ತತ್ವ ಎಂದರೆ ಇಂಥ ಹತ್ತಿಪ್ಪತ್ತು ವಾಕ್ಯಗಳು, ಅವುಗಳ ಕಾರಣಗಳು ಮತ್ತು ಅವು ಒಂದಕ್ಕೊಂದು ಹೊಂದಿಕೊಳ್ಳುವ ರೀತಿ. ಇವುಗಳನ್ನು ಪುಸ್ತಕದ ದೊಡ್ಡ ಮಾತುಗಳಿಂದ ಕೆಳಕ್ಕೆ ಇಳಿಸುವುದಕ್ಕಿಂತ, ನೀವು ತರಗತಿಯಲ್ಲಿ ದಿನವೂ ಕೈಗೊಳ್ಳುತ್ತಿರುವ ನಿರ್ಧಾರಗಳಿಂದ ಮೇಲಕ್ಕೆ ತರುವುದೇ ಸರಿಯಾದ ದಾರಿ ಎಂಬುದು ಈ ಬರಹದ ನಿಲುವು.

ಮೊದಲು ಸಾಕ್ಷ್ಯ, ಆಮೇಲೆ ನಂಬಿಕೆ

ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶಾನ್ ಎಂಬಿಬ್ಬರು ವಿದ್ವಾಂಸರು 1974ರಲ್ಲಿ ಒಂದು ಉಪಯುಕ್ತ ಭೇದವನ್ನು ಮುಂದಿಟ್ಟರು. ಕೇಳಿದಾಗ ನಾವು ಹೇಳುವ ಸಿದ್ಧಾಂತ ಒಂದಿರುತ್ತದೆ, ನಮ್ಮ ನಡವಳಿಕೆಯಿಂದ ಹೊರಡುವ ಸಿದ್ಧಾಂತ ಇನ್ನೊಂದಿರುತ್ತದೆ, ಮತ್ತು ಎರಡನೆಯದು ಸಾಮಾನ್ಯವಾಗಿ ನಮಗೇ ಗೊತ್ತಿರುವುದಿಲ್ಲ. ನುಡಿ ನಡೆಗಳ ಅಂತರ ಕನ್ನಡಿಗರಿಗೆ ವಚನಕಾರರ ಕಾಲದಿಂದಲೂ ಪರಿಚಿತ. ಇಲ್ಲಿ ಹೊಸದೇನೆಂದರೆ, ನಡೆಯನ್ನು ಮೊದಲು ಬರೆದಿಟ್ಟುಕೊಂಡು ಅದರಿಂದ ನುಡಿಯನ್ನು ಓದಿಕೊಳ್ಳಬಹುದು ಎಂಬ ಕ್ರಮ.

ಇದಕ್ಕಾಗಿ ಒಂದು ಸಣ್ಣ ನೋಟ್‌ಬುಕ್ ಬೇಕು. ಶಾಲೆಯಲ್ಲಿ ಸಲ್ಲಿಸುವ ಪಾಠ ಟಿಪ್ಪಣಿ ಮತ್ತು ದಿನಚರಿ ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅವುಗಳನ್ನು ಮುಖ್ಯ ಶಿಕ್ಷಕರು ಸಹಿ ಹಾಕುತ್ತಾರೆಂದು ತಿಳಿದೇ ಬರೆದಿರುತ್ತೇವೆ. ಎರಡು ವಾರ, ದಿನಕ್ಕೆ ಒಂದೇ ಒಂದು ಘಟನೆಯನ್ನು ಬರೆಯಿರಿ. ಯಾವ ಘಟನೆ ಎಂದರೆ, ನಿಮ್ಮ ಮುಂದೆ ಎರಡು ಮೂರು ದಾರಿಗಳಿದ್ದು, ಯೋಚಿಸಲು ಸಮಯವಿಲ್ಲದೆ ಒಂದನ್ನು ಹಿಡಿದ ಕ್ಷಣ. ಪಾಠ ಚೆನ್ನಾಗಿ ನಡೆಯಿತು, ಮಕ್ಕಳು ಖುಷಿಪಟ್ಟರು ಎಂಬಂಥ ವರದಿಯಿಂದ ಈ ಕೆಲಸಕ್ಕೆ ಪ್ರಯೋಜನವಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೂರನೇ ತರಗತಿಯ ಹುಡುಗನೊಬ್ಬ 52ರಲ್ಲಿ 27 ಕಳೆದು 35 ಎಂದು ಬರೆದಿದ್ದಾನೆ. ಶಿಕ್ಷಕಿ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ ಪಕ್ಕದಲ್ಲಿ 25 ಎಂದು ಬರೆಯಬಹುದು. ದಶಕ ಎರವಲು ಪಡೆಯುವುದನ್ನು ಕಪ್ಪುಹಲಗೆಯ ಮೇಲೆ ಇನ್ನೊಮ್ಮೆ ಮಾಡಿ ತೋರಿಸಬಹುದು. ಅಥವಾ ‘ಹೇಗೆ ಮಾಡ್ದೆ, ಹೇಳಪ್ಪ’ ಎಂದು ಕೇಳಬಹುದು. ಕೇಳಿದರೆ ಅವನು ಹೇಳುವುದು ಬಹುಶಃ ಇದು: ‘ಎರಡರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೇ ಏಳರಲ್ಲಿ ಎರಡು ಕಳೆದೆ.’ ಅವನಿಗೆ 63ರಲ್ಲಿ 21 ಕಳೆಯಲು ಕೊಟ್ಟರೆ 42 ಎಂದು ಸರಿಯಾಗಿಯೇ ಬರೆಯುತ್ತಾನೆ; 40ರಲ್ಲಿ 16 ಕಳೆಯಲು ಕೊಟ್ಟರೆ 24ರ ಬದಲು 36 ಬರೆಯುತ್ತಾನೆ. ಅಂದರೆ ಅವನು ಅಡ್ಡಾದಿಡ್ಡಿ ಊಹಿಸುತ್ತಿಲ್ಲ, ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ಆ ನಿಯಮವನ್ನು ಅವನಿಗೆ ಕೊಟ್ಟವರು ಯಾರು ಎಂದು ಹಿಂದಕ್ಕೆ ಹೋದರೆ, ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಒಂದನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟಿರುತ್ತೇವೆ.

ಈಗ ಆ ಶಿಕ್ಷಕಿ ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ್ದು ಮೂರೇ ಸಾಲು: ಏನಾಯಿತು, ನಾನೇನು ಮಾಡಿದೆ, ಹಾಗೆ ಮಾಡುವವರು ಕಲಿಕೆಯ ಬಗ್ಗೆ ಏನನ್ನು ನಂಬಿರಬೇಕು. ತಪ್ಪು ಗುರುತು ಹಾಕಿ ಮುಂದೆ ಹೋದವರು ತಪ್ಪೆಂದರೆ ಗಮನದ ಕೊರತೆ ಎಂದು ನಂಬಿದ್ದಾರೆ. ಮತ್ತೊಮ್ಮೆ ಮಾಡಿ ತೋರಿಸಿದವರು ಮಗುವಿನ ತಲೆಯಲ್ಲಿ ಏನೋ ಇಲ್ಲ, ಅದನ್ನು ತುಂಬಬೇಕು ಎಂದುಕೊಂಡಿದ್ದಾರೆ. ಕಾರಣ ಕೇಳಿದವರ ಲೆಕ್ಕದಲ್ಲಿ ತಲೆಯೊಳಗೆ ಆಗಲೇ ಏನೋ ಇದೆ, ಅದನ್ನು ಅಲುಗಿಸದೆ ಹೊಸದು ನಿಲ್ಲುವುದಿಲ್ಲ. ಮೂರನೆಯದನ್ನು ಮಾಡಿದರೆ ಮಾತ್ರ ಒಳ್ಳೆಯ ಶಿಕ್ಷಕಿ ಎಂದು ತೀರ್ಪು ಕೊಡುವ ಆತುರ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ, ಆರರಿಂದ ಎಂಟನೇ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಅಷ್ಟೇ ಮಕ್ಕಳಿದ್ದರೂ ಎಲ್ಲರನ್ನೂ ‘ಹೇಗೆ ಮಾಡಿದೆ’ ಎಂದು ಕೇಳುತ್ತಾ ಕುಳಿತರೆ ಪಿರಿಯಡ್ ಮುಗಿದುಹೋಗುತ್ತದೆ. ಹಾಗಾಗಿ ‘ಒಂದೇ ತಪ್ಪು ಉತ್ತರ ಬರೆದ ಮೂರು ಪುಸ್ತಕಗಳನ್ನು ದಿನವೂ ಪಕ್ಕಕ್ಕಿಟ್ಟುಕೊಳ್ಳುತ್ತೇನೆ, ಅವರಲ್ಲಿ ಒಬ್ಬರನ್ನು ಮಾತ್ರ ಕೇಳುತ್ತೇನೆ, ಮಾರನೆಯ ದಿನದ ಪಾಠವನ್ನು ಆ ಉತ್ತರದಿಂದ ಆರಂಭಿಸುತ್ತೇನೆ’ ಎಂಬುದು ಸಮಯವನ್ನೂ ನಂಬಿಕೆಯನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡ ವಾಕ್ಯ. ತರಗತಿಯಲ್ಲಿರುವ ತಲೆಗಳ ಸಂಖ್ಯೆಯನ್ನು ಮರೆತು ಬರೆದ ತತ್ವ ಗೋಡೆಗೆ ತೂಗುಹಾಕಲಿಕ್ಕಷ್ಟೇ ಸರಿ.

ನೋಟ್‌ಬುಕ್ಕಿನ ಜೊತೆಗೆ ಇನ್ನೊಂದು ಸಾಕ್ಷ್ಯ ಮೊಬೈಲಿನಲ್ಲಿ ಸಿಗುತ್ತದೆ. ಮುಖ್ಯ ಶಿಕ್ಷಕರ ಅನುಮತಿ ಪಡೆದು ಒಂದು ಪಿರಿಯಡನ್ನು ಧ್ವನಿಮುದ್ರಣ ಮಾಡಿಕೊಳ್ಳಿ. ವಿಡಿಯೊ ಬೇಡ, ಮಕ್ಕಳ ಧ್ವನಿ ಯಾವ ವಾಟ್ಸ್ಯಾಪ್ ಗುಂಪಿಗೂ ಹೋಗಕೂಡದು, ಕೇಳಿದ ಮೇಲೆ ಅಳಿಸಿಬಿಡಬೇಕು. ಕೇಳುವಾಗ ನೀವು ಕೇಳಿದ ಪ್ರಶ್ನೆಗಳನ್ನು ಎಣಿಸಿ. ಎಷ್ಟು ಪ್ರಶ್ನೆಗಳಿಗೆ ಒಂದೇ ಪದದ ಉತ್ತರ ಸಾಕಾಗಿತ್ತು? ‘ಅರ್ಥ ಆಯ್ತಾ?’ ಎಂದು ಎಷ್ಟು ಸಲ ಕೇಳಿದಿರಿ, ‘ಆಯ್ತು ಮಿಸ್’ ಎಂಬ ಒಕ್ಕೊರಲಿನ ಉತ್ತರವನ್ನು ಎಷ್ಟು ಸಲ ನಂಬಿ ಮುಂದೆ ಹೋದಿರಿ? ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದಿರಿ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂಬುದು ಗೊತ್ತಾಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರಿಸದೆ ಉಳಿಯುವವರು ಕಡಿಮೆಯಾದರು. ‘ಪ್ರಶ್ನಿಸುವ ಮನೋಭಾವ ಬೆಳೆಸುತ್ತೇನೆ’ ಎಂದು ಬರೆಯುವ ಮೊದಲು ನಿಮ್ಮ ಸ್ವಂತ ಮೌನ ಎಷ್ಟು ಉದ್ದವೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಬಳುವಳಿಯಾಗಿ ಬಂದದ್ದನ್ನು ಬೇರ್ಪಡಿಸಿ

ಶಿಕ್ಷಕ ವೃತ್ತಿಗೆ ಬರುವವರು ಖಾಲಿ ಕೈಯಲ್ಲಿ ಬರುವುದಿಲ್ಲ. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಅಮೆರಿಕದ ಶಿಕ್ಷಕರನ್ನು ಕುರಿತು ಬರೆಯುತ್ತಾ, ಪ್ರೌಢಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆಗಳನ್ನು ಶಿಕ್ಷಕರ ಒಡನಾಟದಲ್ಲಿ ಕಳೆದಿರುತ್ತಾನೆ ಎಂದು ಲೆಕ್ಕ ಹಾಕಿದರು. ಆ ಗಂಟೆಗಳಲ್ಲಿ ಶಿಕ್ಷಕರ ಹಾವಭಾವಗಳನ್ನು ನಾವು ನೋಡಿರುತ್ತೇವೆ, ಅವುಗಳ ಹಿಂದಿನ ಯೋಚನೆಯನ್ನು ನೋಡಿರುವುದಿಲ್ಲ. ಆದ್ದರಿಂದಲೇ ಬಿ.ಇಡಿ.ಯಲ್ಲಿ ಕಲಿತದ್ದು ಗದ್ದಲದ ಮೊದಲ ದಿನವೇ ಮರೆತುಹೋಗಿ, ನಮ್ಮ ಏಳನೇ ತರಗತಿಯ ಮೇಷ್ಟ್ರ ದನಿ ನಮ್ಮ ಬಾಯಿಂದ ಹೊರಡುತ್ತದೆ.

ಈ ಬಳುವಳಿಯನ್ನು ಹೊರಗೆ ತರಲು ಒಂದು ಸುಲಭದ ಉಪಾಯವಿದೆ. ಸ್ಟಾಫ್ ರೂಮಿನಲ್ಲಿ ಮಕ್ಕಳ ಬಗ್ಗೆ ಮಾತಾಡುವಾಗ ಓಡಾಡುವ ಗಾದೆಗಳನ್ನು ಬರೆದುಕೊಳ್ಳಿ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’, ‘ಹುಟ್ಟುಗುಣ ಸುಟ್ಟರೂ ಹೋಗದು’, ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’, ‘ದಂಡಂ ದಶಗುಣಂ’. ಇವು ಒಂದೊಂದೂ ಕಲಿಕೆಯ ಒಂದೊಂದು ಸಿದ್ಧಾಂತ. ಮೊದಲನೆಯದು ಕಲಿಯಲು ಒಂದು ವಯಸ್ಸಿದೆ, ಅದು ದಾಟಿದರೆ ಮುಗಿಯಿತು ಎನ್ನುತ್ತದೆ. ಎರಡನೆಯದರ ಪ್ರಕಾರ ಕಲಿಸಿ ಪ್ರಯೋಜನವೇ ಇಲ್ಲ. ಮೂರನೆಯದು ಅಭ್ಯಾಸದ ಮೇಲೆ ಭರವಸೆ ಇಡುತ್ತದೆ. ಒಬ್ಬರೇ ಶಿಕ್ಷಕರು ಬೆಳಿಗ್ಗೆ ಎರಡನೆಯದನ್ನೂ ಮಧ್ಯಾಹ್ನ ಮೂರನೆಯದನ್ನೂ ಹೇಳುವುದುಂಟು, ಮತ್ತು ಯಾವ ಮಗುವಿನ ಬಗ್ಗೆ ಯಾವುದನ್ನು ಹೇಳುತ್ತಾರೆ ಎಂಬುದೇ ನೋಡಬೇಕಾದ ಸಂಗತಿ. ಬುದ್ಧಿವಂತನೆಂದು ಹೆಸರು ಮಾಡಿದ ಹುಡುಗ ಕಡಿಮೆ ಅಂಕ ತೆಗೆದರೆ ಅಭ್ಯಾಸ ಸಾಲದು ಎನ್ನುತ್ತೇವೆ. ಕೊನೆಯ ಬೆಂಚಿನವನು ತೆಗೆದರೆ ಅವನ ಹಣೆಬರಹ ಎನ್ನುತ್ತೇವೆ.

ನಾಲ್ಕನೆಯ ಗಾದೆಯ ವಿಷಯದಲ್ಲಿ ಮಾತ್ರ ವೈಯಕ್ತಿಕ ತತ್ವಕ್ಕೆ ಜಾಗವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಪ್ರೀತಿಯಿಂದ ಒಂದೇಟು’ ಎಂಬ ವಾದವನ್ನು ಬರಹದಲ್ಲಿ ಎತ್ತುವುದೇ ಬೇಡ.

ವಿಷಯ, ಭಾಷೆ, ಊರು

ಬೋಧನಾ ತತ್ವದ ಮಾದರಿಗಳಲ್ಲಿ ಬಹುತೇಕ ಕಾಣೆಯಾಗಿರುವುದು ಕಲಿಸುವ ವಿಷಯವೇ. ಗಣಿತದ ಶಿಕ್ಷಕಿ ಬರೆದದ್ದನ್ನೂ ಸಮಾಜ ವಿಜ್ಞಾನದ ಶಿಕ್ಷಕ ಬರೆದದ್ದನ್ನೂ ಹೆಸರು ಮುಚ್ಚಿ ಓದಿದರೆ ಯಾವುದು ಯಾರದ್ದೆಂದು ಹೇಳಲಾಗದು. ನಿಮ್ಮ ವಿಷಯವನ್ನು ‘ಬಲ್ಲವರು’ ಎಂದರೆ ಏನು ಮಾಡಬಲ್ಲವರು ಎಂಬುದನ್ನು ಒಂದು ಪ್ಯಾರಾದಲ್ಲಿ ಬರೆಯಿರಿ. ಇತಿಹಾಸ ಬಲ್ಲವರು ಇಸವಿಗಳನ್ನು ಒಪ್ಪಿಸಬಲ್ಲವರೋ, ಒಂದು ಶಾಸನವನ್ನೂ ಒಂದು ಐತಿಹ್ಯವನ್ನೂ ಎದುರುಬದುರು ಇಟ್ಟು ಯಾವುದನ್ನು ಎಷ್ಟು ನಂಬಬೇಕೆಂದು ಹೇಳಬಲ್ಲವರೋ? ಉತ್ತರ ‘ಎರಡೂ’ ಎಂದಾದರೆ, ವಾರಕ್ಕೆ ಸಿಗುವ ಪಿರಿಯಡುಗಳಲ್ಲಿ ಯಾವುದಕ್ಕೆ ಎಷ್ಟು ಕೊಡುತ್ತೀರಿ ಎಂಬಲ್ಲಿಗೆ ಪ್ರಶ್ನೆ ಬಂದು ನಿಲ್ಲುತ್ತದೆ.

ಬೆಂಗಳೂರಿನಲ್ಲಿ ಕನ್ನಡ ಕಲಿಸುವವರಿಗೆ ಈ ಪ್ರಶ್ನೆ ಇನ್ನಷ್ಟು ಚುರುಕಾಗಿ ಎದುರಾಗುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ನಂತರ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿಯೂ ಕನ್ನಡ ಒಂದು ಭಾಷೆಯಾಗಿ ಬಂದಿದೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಿಂದ ಬರುವ ಎಷ್ಟೋ ಮಕ್ಕಳು ಕನ್ನಡವನ್ನು ಕೇಳುವುದು ಸೆಕ್ಯುರಿಟಿಯವರಿಂದ, ಆಟೋದವರಿಂದ, ಮನೆಗೆಲಸಕ್ಕೆ ಬರುವ ಅಕ್ಕನಿಂದ. ಅವರಿಗೆ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಂಬ ಸಾಂಪ್ರದಾಯಿಕ ಕ್ರಮದಲ್ಲಿ ಬರವಣಿಗೆಯಿಂದ ಆರಂಭಿಸುವುದೋ, ಆರು ತಿಂಗಳು ಬರೀ ಮಾತನಾಡಿಸಿ ಆಮೇಲೆ ಅಕ್ಷರಕ್ಕೆ ಬರುವುದೋ? ಮೊದಲನೆಯದರಲ್ಲಿ ಪರೀಕ್ಷೆಯ ಅಂಕ ಬೇಗ ಬರುತ್ತದೆ, ಪೋಷಕರಿಗೆ ಪುಸ್ತಕದಲ್ಲಿ ಏನೋ ಕಾಣುತ್ತದೆ. ಆದರೆ ‘ೠ’ವನ್ನು ದುಂಡಾಗಿ ಬರೆಯಬಲ್ಲ ಮಗು ಅಂಗಡಿಯವರನ್ನು ‘ಇದಕ್ಕೆ ಎಷ್ಟು?’ ಎಂದು ಕೇಳಲಾರದೆ ನಿಲ್ಲುತ್ತದೆ. ನನ್ನ ಒಲವು ಮಾತಿನ ಕಡೆಗೆ. ಆದರೆ ಅಕ್ಷರದಿಂದ ಆರಂಭಿಸುವವರ ಬಳಿಯೂ ಗಟ್ಟಿ ವಾದವಿದೆ: ಓದಲು ಬಂದ ಮಗು ಬಸ್ಸಿನ ಬೋರ್ಡಿನಿಂದ ತಾನೇ ಕಲಿಯುತ್ತಾ ಹೋಗುತ್ತದೆ. ಯಾವ ಕಡೆ ನಿಂತರೂ ಇನ್ನೊಂದು ಕಡೆಯ ವಾದವನ್ನು ಅವರು ಒಪ್ಪುವ ಹಾಗೆ ಒಂದು ಸಾಲಿನಲ್ಲಿ ಬರೆದು ತೋರಿಸಿದರೆ ನಿಮ್ಮ ನಿಲುವಿಗೆ ತೂಕ ಬರುತ್ತದೆ.

ಇದೇ ಊರಿನ ಸರ್ಕಾರಿ ಶಾಲೆಯಲ್ಲಿ ಚಿತ್ರ ಬೇರೆ. ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಮಕ್ಕಳು, ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ. ‘ನಮ್ಮವ್ವ ಕೆಲಸಕ್ಕ ಹೋಗ್ಯಾಳ್ರಿ’ ಎಂದ ಹುಡುಗಿಯನ್ನು ‘ಸರಿಯಾಗಿ ಕನ್ನಡ ಮಾತಾಡು’ ಎಂದು ತಿದ್ದುವುದೋ ಬಿಡುವುದೋ ಎಂಬುದು ಅರ್ಧ ಸೆಕೆಂಡಿನ ನಿರ್ಧಾರ, ಆದರೆ ಭಾಷೆ ಎಂದರೇನು ಎಂಬ ಪೂರ್ತಿ ಪ್ರಶ್ನೆ ಅದರೊಳಗಿದೆ. ಅವಳ ಮಾತು ಕನ್ನಡವೇ; ಬರಹದಲ್ಲಿ ಬಳಸುವ ಇನ್ನೊಂದು ರೂಪವನ್ನು ಅವಳು ಹೆಚ್ಚುವರಿಯಾಗಿ ಕಲಿಯಬೇಕಿದೆ, ಅಷ್ಟೆ. ಹಾಗೆಂದು ನಂಬುವ ಶಿಕ್ಷಕರು ಅವಳ ಮಾತಿಗೆ ಮಾತಿನಲ್ಲಿ ಉತ್ತರ ಕೊಡುತ್ತಾರೆ, ತಿದ್ದುವುದನ್ನು ಬರಹದ ಪಿರಿಯಡ್ಡಿಗೆ ಇಟ್ಟುಕೊಳ್ಳುತ್ತಾರೆ.

ಮಕ್ಕಳು ಶಾಲೆಯ ಹೊರಗೆ ಏನು ಬಲ್ಲರು ಎಂಬುದನ್ನೂ ಪಟ್ಟಿ ಮಾಡಿಕೊಳ್ಳಿ. ಗಾಂಧಿ ಬಜಾರಿನಲ್ಲಿ ಹೂ ಮಾರುವವರ ಮಗಳಿಗೆ ಮೊಳ, ಮಾರುಗಳ ಲೆಕ್ಕ ಗೊತ್ತು. ಹಬ್ಬದ ಹಿಂದಿನ ದಿನ ಮೊಳದ ಬೆಲೆ ಏರಿದಾಗ ಅರ್ಧ ಮೊಳಕ್ಕೆ ಎಷ್ಟೆಂದು ತಡವರಿಸದೆ ಹೇಳುತ್ತಾಳೆ. ಅವಳೇ ಮಾರನೆಯ ದಿನ ‘1/2 × 50’ ಎಂಬ ಲೆಕ್ಕದ ಮುಂದೆ ಪೆನ್ಸಿಲ್ ಕಚ್ಚುತ್ತಾ ಕೂರಬಹುದು. ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿಬದಿ ವ್ಯಾಪಾರ ಮಾಡುತ್ತಿದ್ದ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಕಂಡಿತು: ವ್ಯಾಪಾರದ ನಡುವೆ ಬಹುತೇಕ ಸರಿಯಾಗಿ ಮಾಡಿದ ಲೆಕ್ಕಗಳನ್ನು ಕಾಗದದ ಮೇಲೆ ಕೊಟ್ಟಾಗ ಅದೇ ಮಕ್ಕಳು ಹೆಚ್ಚು ತಪ್ಪಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು ಹೇಳಿದ್ದನ್ನು ನಕಲು ಮಾಡುವುದಕ್ಕಿಂತ, ಮೊಳದಿಂದ ಭಿನ್ನರಾಶಿಗೆ ನೀವು ಹೇಗೆ ಹೋಗುತ್ತೀರಿ, ಹೂವಿನ ಲೆಕ್ಕ ಎಲ್ಲಿಗೆ ನಿಂತು ಕಾಗದದ ಲೆಕ್ಕ ಎಲ್ಲಿಂದ ಆರಂಭವಾಗುತ್ತದೆ ಎಂದು ಬರೆಯುವುದು ಮೇಲು. ಒಂದು ಮೊಳದ ಮೂರನೇ ಒಂದು ಭಾಗವನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಹೂವು ಒಂದು ಹಂತದವರೆಗೆ ಮಾತ್ರ ನೆರವಾಗುತ್ತದೆ. ಆ ಮಿತಿಯನ್ನೂ ಹೇಳಬೇಕು.

ಚಿಂತಕರಿಂದ ಎಷ್ಟು ಎರವಲು

ಇಷ್ಟಾದ ಮೇಲೆ ಚಿಂತಕರ ಸರದಿ. ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1897ರಲ್ಲಿ ಶಿಕ್ಷಣದ ಬಗೆಗಿನ ತಮ್ಮ ನಂಬಿಕೆಗಳನ್ನು ‘ನಾನು ನಂಬುತ್ತೇನೆ’ ಎಂದೇ ಆರಂಭವಾಗುವ ಸಣ್ಣ ಪ್ಯಾರಾಗಳಲ್ಲಿ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲೇ ಅವರು ಷಿಕಾಗೊದಲ್ಲಿ ಮಕ್ಕಳಿಗಾಗಿ ಪ್ರಾಯೋಗಿಕ ಶಾಲೆಯೊಂದನ್ನು ತೆರೆದಿದ್ದರು. ಆ ನಂಬಿಕೆಗಳನ್ನು ಎತ್ತಿಕೊಂಡು ನಮ್ಮ ಪುಟಕ್ಕೆ ಅಂಟಿಸಿದರೆ, ಅವುಗಳ ಬೆನ್ನಿಗಿದ್ದ ಶಾಲೆ ಹಿಂದೆಯೇ ಉಳಿದುಬಿಡುತ್ತದೆ. ಹಾಗಾಗಿ ಚಿಂತಕರಿಂದ ಉಕ್ತಿಯ ಬದಲು ಏರ್ಪಾಡನ್ನು ಎರವಲು ಪಡೆಯಿರಿ: ಅವರು ಕೋಣೆಯನ್ನು, ಸಮಯವನ್ನು, ಪ್ರಶ್ನೆಯನ್ನು ಹೇಗೆ ಜೋಡಿಸಿದರು?

ನಮ್ಮಲ್ಲಿಯೇ ಇರುವ ನಲಿ-ಕಲಿ ಇದಕ್ಕೆ ಒಳ್ಳೆಯ ಪಾಠ. 1995ರ ಸುಮಾರಿಗೆ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು ಶಿಕ್ಷಕರೇ ಸೇರಿ ರೂಪಿಸಿದ ಈ ಕ್ರಮ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ‘ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯುತ್ತದೆ’ ಎಂಬ ಸವಕಲು ವಾಕ್ಯ ಅಲ್ಲಿ ವಸ್ತುರೂಪ ತಾಳಿದೆ. ಪಾಠ ಕಾರ್ಡುಗಳಾಗಿ ಒಡೆದಿದೆ. ಮಗು ಎಲ್ಲಿದೆ ಎಂಬುದನ್ನು ಕಲಿಕಾ ಏಣಿ ತೋರಿಸುತ್ತದೆ. ಶಿಕ್ಷಕರ ನೆರವು ಪೂರ್ತಿ ಬೇಕಾದವರಿಂದ ಹಿಡಿದು ತಾವೇ ಕಲಿಯುವವರವರೆಗೆ ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ. ಕಪ್ಪುಹಲಗೆ ಮಗುವಿನ ಕೈಗೆಟಕುವ ಎತ್ತರಕ್ಕೆ ಇಳಿದಿದೆ. ಈ ಕ್ರಮಕ್ಕೆ ಟೀಕಾಕಾರರೂ ಇದ್ದಾರೆ. ಕಾರ್ಡಿನಿಂದ ಕಾರ್ಡಿಗೆ ಓಡುವುದರಲ್ಲಿ ಕೂಡಿ ಓದುವ, ಚರ್ಚಿಸುವ ಹೊತ್ತು ಕಡಿಮೆಯಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಸಾಧ್ಯವಾದರೆ ಹತ್ತಿರದ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಅನುಮತಿ ಪಡೆದು ಒಂದು ಪೂರ್ವಾಹ್ನ ಕುಳಿತುಬನ್ನಿ. ಒಂದು ನಂಬಿಕೆಗೆ ಕಾರ್ಡು, ಹಲಗೆ, ಚಾಪೆಗಳ ರೂಪ ಕೊಟ್ಟಾಗ ಏನು ಗಳಿಸುತ್ತೇವೆ, ಏನು ಬಿಟ್ಟುಕೊಡುತ್ತೇವೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಬೆಂಗಳೂರಿನ ಮಟ್ಟಿಗೆ ಎಚ್. ನರಸಿಂಹಯ್ಯನವರನ್ನೂ ನೆನೆಯಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಅವರು ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದ ಮೇಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬ ನಿಲುವು ಅವರಲ್ಲಿ ಭಾಷಣದ ವಿಷಯವಾಗಿ ಉಳಿಯಲಿಲ್ಲ. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿ ವಿಜ್ಞಾನದ ಉಪನ್ಯಾಸಗಳನ್ನು ಯಾರು ಬೇಕಾದರೂ ಬಂದು ಕೇಳುವಂತೆ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದರು.

ಎರವಲು ಪಡೆಯುವಾಗ ಎರಡು ಸರಕುಗಳನ್ನು ಮಾತ್ರ ಮುಟ್ಟಬೇಡಿ. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು, ಆಯಾ ಶೈಲಿಗೆ ತಕ್ಕಂತೆ ಕಲಿಸಬೇಕು ಎಂಬುದು ಒಂದು. 2008ರಲ್ಲಿ ಮನೋವಿಜ್ಞಾನಿ ಹ್ಯಾರಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು ಲಭ್ಯ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಹಾಗೆ ಶೈಲಿಗೆ ಹೊಂದಿಸಿ ಕಲಿಸುವುದರಿಂದ ಲಾಭವಿದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ತೋರಿಸಿದರು. ಇನ್ನೊಂದು, ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20 ನೆನಪಿರುತ್ತದೆ ಎನ್ನುವ ‘ಕಲಿಕಾ ಪಿರಮಿಡ್’. ಅದನ್ನು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರ ಹೆಸರಿಗೆ ಕಟ್ಟುತ್ತಾರೆ, ಆದರೆ 1946ರ ಅವರ ಮೂಲ ಚಿತ್ರದಲ್ಲಿ ಅಂಥ ಅಂಕಿಗಳೇ ಇರಲಿಲ್ಲ.

ಬಾಯಿಪಾಠವನ್ನು ಹೀಗಳೆಯುವ ಸಾಲನ್ನು ಬರೆಯುವ ಮುನ್ನವೂ ತುಸು ತಾಳಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನೆನಪಿನಿಂದ ಹೊರಗೆಳೆಯುವುದೂ ಕಲಿಕೆಯೇ ಆಗಿದೆ. ಅರ್ಥವಿಲ್ಲದ ಕಂಠಪಾಠಕ್ಕೂ ಅರ್ಥವಾದದ್ದನ್ನು ಮರಳಿ ನೆನೆಯುವ ಅಭ್ಯಾಸಕ್ಕೂ ನೀವು ಎಲ್ಲಿ ಗೆರೆ ಎಳೆಯುತ್ತೀರಿ ಎಂಬುದು ನಿಮ್ಮ ಪುಟದಲ್ಲಿ ಇರಬೇಕಾದ ಸಂಗತಿ.

ಪುಟವನ್ನು ಬರೆಯುವುದು

ಈಗ ನೋಟ್‌ಬುಕ್ಕನ್ನು ಮೊದಲಿನಿಂದ ಓದಿ, ಮತ್ತೆ ಮತ್ತೆ ಬಂದಿರುವ ನಂಬಿಕೆಗಳಿಗೆ ಅಡಿಗೆರೆ ಎಳೆಯಿರಿ. ಅವುಗಳಲ್ಲಿ ಕೆಲವನ್ನು ನೀವು ಒಪ್ಪುತ್ತೀರಿ, ಕೆಲವು ನಿಮಗೇ ಇಷ್ಟವಾಗುವುದಿಲ್ಲ. ಇಷ್ಟವಾಗದ್ದನ್ನು ಮುಚ್ಚಿಡದೆ, ಅದನ್ನು ಬದಲಿಸಲು ಏನು ಮಾಡುತ್ತಿದ್ದೀರೆಂದು ಬರೆದರೆ ಆ ಪ್ಯಾರಾವೇ ಪುಟದಲ್ಲಿ ಅತ್ಯಂತ ನಂಬಲರ್ಹವಾದದ್ದಾಗುತ್ತದೆ.

ಬರೆಯುವಾಗ ಪ್ರತಿ ಸಾಮಾನ್ಯ ವಾಕ್ಯವನ್ನು ‘ಹಾಗಿದ್ದರೆ ಸೋಮವಾರ ಏನು ಮಾಡುತ್ತೀರಿ?’ ಎಂಬ ಪ್ರಶ್ನೆಗೆ ಒಡ್ಡಿ. ‘ನಾನು ಎಲ್ಲರನ್ನೂ ಒಳಗೊಳ್ಳುವ ತರಗತಿಯಲ್ಲಿ ನಂಬಿಕೆ ಇಟ್ಟಿದ್ದೇನೆ’ ಎಂಬುದು ಮೊದಲ ಕರಡು. ಪ್ರಶ್ನೆಗೆ ಒಡ್ಡಿದ ಮೇಲೆ ಅದು ‘ಕೈ ಎತ್ತಿದವರನ್ನು ಮಾತ್ರ ಕೇಳುವುದಿಲ್ಲ, ಹಾಜರಿ ಪುಸ್ತಕದ ಕ್ರಮದಲ್ಲಿ ಕೇಳುತ್ತೇನೆ’ ಎಂದಾಗುತ್ತದೆ. ಇನ್ನೊಂದು ಸುತ್ತು ತಿದ್ದಿದರೆ: ‘ಕೈ ಎತ್ತಿದವರನ್ನು ಮಾತ್ರ ಕೇಳಿದರೆ ಐದಾರು ಮಕ್ಕಳಿಗಷ್ಟೇ ಪಾಠ ಮಾಡಿದಂತಾಗುತ್ತದೆ. ಆದರೆ ನಾಚಿಕೆಯ ಮಗುವನ್ನು ಎಲ್ಲರ ಮುಂದೆ ಏಕಾಏಕಿ ಎಬ್ಬಿಸಿದರೆ ಅದು ಭಯದಲ್ಲಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಪ್ರಶ್ನೆಯನ್ನು ಮೊದಲು ಪಕ್ಕದವರೊಂದಿಗೆ ಚರ್ಚಿಸಲು ಬಿಟ್ಟು, ಆಮೇಲೆ ಯಾರನ್ನಾದರೂ ಕೇಳುತ್ತೇನೆ. ಪಕ್ಕದವರ ಉತ್ತರವನ್ನೂ ಹೇಳಬಹುದು ಎಂಬ ನಿಯಮವಿದೆ.’ ಇಲ್ಲಿ ಎರಡು ಮೌಲ್ಯಗಳು ಒಂದಕ್ಕೊಂದು ಅಡ್ಡ ಬಂದಿವೆ, ಬರೆದವರು ಅದನ್ನು ಗಮನಿಸಿ ಒಂದು ದಾರಿ ಕಂಡುಕೊಂಡಿದ್ದಾರೆ. ಇಂಥ ಮೂರು ನಾಲ್ಕು ಪ್ಯಾರಾಗಳಿದ್ದರೆ ಒಂದು ಪುಟ ತುಂಬುತ್ತದೆ. ಅರ್ಜಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ನಿಮಗಾಗಿ ಇಟ್ಟುಕೊಳ್ಳುವ ಪ್ರತಿ ಎಷ್ಟು ಉದ್ದವಾದರೂ ಇರಲಿ.

ಮೌಲ್ಯಮಾಪನದ ಬಗ್ಗೆ ಒಂದಾದರೂ ವಾಕ್ಯ ಇರಲಿ. ಎಫ್‌ಎ (ಕಲಿಕೆಯ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನ), ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ) ಅಂಕಗಳನ್ನು ತುಂಬುವುದು ಇಲಾಖೆಯ ಅಗತ್ಯ. ರೂಪಣಾತ್ಮಕ ಪರೀಕ್ಷೆಯ ಉತ್ತರಗಳನ್ನು ನೋಡಿದ ಮೇಲೆ ನಿಮ್ಮ ಮುಂದಿನ ಪಾಠದಲ್ಲಿ ಏನಾದರೂ ಬದಲಾಗುತ್ತದೆಯೇ ಎಂಬುದು ನಿಮ್ಮ ತತ್ವದ ಪ್ರಶ್ನೆ. ಬದಲಾಗದಿದ್ದರೆ ಆ ಪರೀಕ್ಷೆಗೆ ಬೇರೆ ಹೆಸರು ಕೊಡಬೇಕಾಗುತ್ತದೆ.

ಕರಡನ್ನು ಇಬ್ಬರಿಗೆ ತೋರಿಸಿ. ಒಬ್ಬರು ನಿಮ್ಮ ಪಾಠವನ್ನು ಕುಳಿತು ನೋಡಿದ ಸಹೋದ್ಯೋಗಿಯಾಗಿರಲಿ. ಪುಟದಲ್ಲಿರುವ ಯಾವುದನ್ನು ತಾವು ತರಗತಿಯಲ್ಲಿ ಕಾಣಲಿಲ್ಲವೆಂದು ಅವರು ಗುರುತು ಹಾಕಲಿ. ಇನ್ನೊಬ್ಬರು ಶಿಕ್ಷಣ ಕ್ಷೇತ್ರಕ್ಕೆ ಸಂಬಂಧವಿಲ್ಲದವರಾಗಿರಲಿ. ಪಾರಿಭಾಷಿಕ ಪದಗಳ ಹಿಂದೆ ಅಡಗಿಕೊಂಡ ಜಾಗಗಳನ್ನು ಅವರು ಬೇಗ ಹಿಡಿಯುತ್ತಾರೆ. ಮಕ್ಕಳನ್ನೂ ಕೇಳಬಹುದು, ಆದರೆ ‘ನನ್ನ ಪಾಠ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ ಮಿಸ್’ ಎಂದಷ್ಟೇ ಸಿಗುತ್ತದೆ. ‘ಈ ವಾರ ಯಾವಾಗ ನಿನಗೆ ಏನೂ ತಿಳಿಯದೆ ಸುಮ್ಮನೆ ಕುಳಿತಿದ್ದೆ?’ ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆಯಿಸಿದರೆ ಕೆಲಸಕ್ಕೆ ಬರುವ ಉತ್ತರಗಳು ಬರುತ್ತವೆ.

ಪುಟದ ಕೆಳಗೆ ದಿನಾಂಕ ಹಾಕಿ. ವರ್ಷಕ್ಕೊಮ್ಮೆ, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮೊದಲು, ಹಳೆಯದನ್ನು ಅಳಿಸದೆ ಹೊಸದಾಗಿ ಬರೆಯಿರಿ. ಸಂದರ್ಶನಕ್ಕೆ ಹೋಗುವವರಿಗೆ ಒಂದು ಮಾತು: ಹಲವು ಶಾಲೆಗಳಲ್ಲಿ ಸಂದರ್ಶನದ ದಿನವೇ ಡೆಮೊ ಕ್ಲಾಸ್ ಇರುತ್ತದೆ, ಮತ್ತು ನಿಮ್ಮ ಪುಟವನ್ನು ಓದಿದವರೇ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಆದ್ದರಿಂದ ಪುಟದಲ್ಲಿ ಬರೆದ ಒಂದು ಪದ್ಧತಿಯನ್ನಾದರೂ, ಉದಾಹರಣೆಗೆ ಪಕ್ಕದವರೊಂದಿಗೆ ಚರ್ಚಿಸಿ ಉತ್ತರಿಸುವ ನಿಯಮವನ್ನು, ಆ 15 ಅಥವಾ 20 ನಿಮಿಷದ ಪಾಠದಲ್ಲಿ ಬಳಸುವಂತೆ ಯೋಜಿಸಿಕೊಳ್ಳಿ. ಅಪರಿಚಿತ ಮಕ್ಕಳಿಗೆ ಆ ನಿಯಮವನ್ನು ವಿವರಿಸಲು ಬೇಕಾದ ಎರಡು ನಿಮಿಷವನ್ನೂ ಪಾಠ ಯೋಜನೆಯಲ್ಲಿಯೇ ಸೇರಿಸಿರಿ.